ಚಿಕ್ಕಪ್ಪನ ಪೆಥಾಲಜಿ ವರದಿಯ ಕುರಿತು ಅಪ್ಪನಿಗೆ

ಮ್ಯಾಂಚೆಸ್ಟರ್

ತೀರ್ಥರೂಪರಾದ ಅಪ್ಪನವರಿಗೆ ಮಗಳ ನಮಸ್ಕಾರಗಳು.

ಡೊಂಬಿವಲಿಯಿಂದ ಚಿಕ್ಕಮ್ಮ ಕಳುಹಿಸಿದ ವರದಿಯನ್ನು ಪೂರ್ತಿ ಓದಿದೆ. ಚಿಕ್ಕಪ್ಪನ ಗಡ್ಡೆ ದೊಡ್ಡ ಕರುಳಿನ ಸ್ನಾಯುಪದರವನ್ನು ದಾಟಿದ್ದರೂ, ಅದರೊಂದಿಗೆ ತೆಗೆದ 18 ದುಗ್ಧಗ್ರಂಥಿಗಳಲ್ಲಿ (ಲಿಂಫ್ ನೋಡ್) ಒಂದರಲ್ಲಿಯೂ ಕ್ಯಾನ್ಸರ್ ಇಲ್ಲ. ಕನಿಷ್ಠ 12 ಗ್ರಂಥಿಗಳನ್ನು ಪರೀಕ್ಷಿಸಬೇಕೆಂಬ ನಿಯಮವಿರುವುದರಿಂದ, ಇದು ಕ್ಯಾನ್ಸರ್ ಗ್ರಂಥಿಗಳಿಗೆ ಹರಡದ ಎರಡನೆಯ ಹಂತವೆಂಬ ಮಾತನ್ನು ನಂಬಬಹುದು.

ಶಸ್ತ್ರಚಿಕಿತ್ಸೆಯ ಮರುದಿನದ ರಕ್ತಪರೀಕ್ಷೆಯಲ್ಲಿ ಬಿಳಿ ರಕ್ತಕಣಗಳ ಪೈಕಿ ನ್ಯೂಟ್ರೋಫಿಲ್ ಏರಿ ಲಿಂಫೋಸೈಟ್ ಇಳಿದಿದ್ದಕ್ಕೆ ನೀವು ಹೆದರಬೇಕಾಗಿಲ್ಲ. ದೊಡ್ಡ ಶಸ್ತ್ರಚಿಕಿತ್ಸೆಯಾದಾಗ ದೇಹದಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಹೆಚ್ಚಿ, ರೋಗನಿರೋಧಕ ಲಿಂಫೋಸೈಟ್‌ಗಳಾದ ಟಿ ಕೋಶಗಳ ಮತ್ತು ಎನ್‌ಕೆ ಕೋಶಗಳ ಬಲ ಕೆಲಕಾಲ ಕುಗ್ಗುವುದು ಸಾಮಾನ್ಯ. ಅದಕ್ಕೆಂದು ಮಾಟುಂಗದ ನೆಂಟರು ಹೇಳಿದ ಚೂರ್ಣ, ಕಷಾಯಗಳನ್ನು ವೈದ್ಯರನ್ನು ಕೇಳದೆ ಕೊಡಬೇಡಿರೆಂದು ಚಿಕ್ಕಮ್ಮನಿಗೆ ನೀವೇ ಹೇಳಬೇಕು. ನಿಮ್ಮ ಮಾತನ್ನು ಅವರು ಮೀರುವುದಿಲ್ಲ.

ನಾನು ಹೆಚ್ಚು ಮಹತ್ವ ಕೊಡುವುದು ಗಡ್ಡೆಯೊಳಕ್ಕೇ ನುಗ್ಗಿರುವ ಟಿ ಕೋಶಗಳಿಗೆ. ಇವು ಗಡ್ಡೆಯ ನಡುವೆಯೂ ಅಂಚಿನಲ್ಲಿಯೂ ಎಷ್ಟು ದಟ್ಟವಾಗಿವೆ ಎಂಬುದರಿಂದ ಕಾಯಿಲೆ ಮರುಕಳಿಸುವ ಸಂಭವವನ್ನು ಅಂದಾಜಿಸಬಹುದೆಂದು ಪ್ಯಾರಿಸ್ಸಿನ ಜೆರೋಮ್ ಗಾಲೋನ್ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದರು. ಸಿಡಿ3 ಮತ್ತು ಸಿಡಿ8 ಎಂಬ ಪ್ರೋಟೀನುಗಳ ಗುರುತುಳ್ಳ ಟಿ ಕೋಶಗಳನ್ನು ಎಣಿಸುವ ಈ ಕ್ರಮಕ್ಕೆ ಇಮ್ಯುನೋಸ್ಕೋರ್ ಎಂದು ಹೆಸರು. 13 ದೇಶಗಳ 2,681 ರೋಗಿಗಳ ಅಂಗಾಂಶವನ್ನು ಪರಿಶೀಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೂ, ಅಂಕ ಹೆಚ್ಚಿದ್ದವರಲ್ಲಿ ಕಾಯಿಲೆ ಮರಳುವುದು ಕಡಿಮೆಯೆಂಬುದನ್ನು ದೃಢಪಡಿಸಿತು. ಚಿಕ್ಕಪ್ಪನಿಗೆ ಆ ಪರೀಕ್ಷೆ ಮಾಡಿಲ್ಲವಾದರೂ, ಗಡ್ಡೆಯ ಅಂಚಿನಲ್ಲಿ ಲಿಂಫೋಸೈಟ್‌ಗಳು ದಟ್ಟವಾಗಿವೆ ಎಂದು ವರದಿಯಲ್ಲಿ ಬರೆದಿದ್ದಾರೆ. ದಿನವೂ ಇಂಥ ಸ್ಲೈಡುಗಳ ನಡುವೆಯೇ ಕೆಲಸ ಮಾಡುವ ನನಗೆ ಆ ಒಂದು ಸಾಲು ತಂದ ಸಮಾಧಾನ ಅಷ್ಟಿಷ್ಟಲ್ಲ. ಹಾಗೆಂದು ಮುಂದಿನ ತಪಾಸಣೆಗಳನ್ನು ಬಿಡುವಂತಿಲ್ಲ. ಮೂರು ತಿಂಗಳಿಗೊಮ್ಮೆ, ಕಾಯಿಲೆ ಮರಳುವ ಸುಳಿವು ಕೊಡುವ ಸಿಇಎ ರಕ್ತಪರೀಕ್ಷೆ, ಒಂದು ವರ್ಷವಾದಾಗ ಕೊಲೊನೋಸ್ಕೋಪಿ (ಕ್ಯಾಮೆರಾ ಕೊಳವೆಯಿಂದ ದೊಡ್ಡ ಕರುಳಿನ ಪರೀಕ್ಷೆ) ಆಗಲೇಬೇಕು.

ಡಿಎನ್‌ಎ ತಪ್ಪುಗಳನ್ನು ತಿದ್ದುವ ಎಂಎಂಆರ್ ಪ್ರೋಟೀನುಗಳ ವರದಿ ಮಾತ್ರ ಇನ್ನೂ ಬಂದಿಲ್ಲ. ಅವುಗಳ ಕೊರತೆಯಿದ್ದರೆ ಡಿಎನ್‌ಎ ನಕಲಾಗುವಾಗಿನ ತಪ್ಪುಗಳು ತಿದ್ದುಪಡಿಯಾಗದೆ ಉಳಿದು, ಗಡ್ಡೆಯಲ್ಲಿ ಅಪರಿಚಿತ ಪ್ರೋಟೀನುಗಳು ಹೆಚ್ಚುತ್ತವೆ. ಟಿ ಕೋಶಗಳು ಅವನ್ನು ಗುರುತಿಸಿ ಮುತ್ತುತ್ತವೆ. ಎರಡನೆಯ ಹಂತದಲ್ಲಿ ಇದು ಒಳ್ಳೆಯ ಲಕ್ಷಣ, ಅಂಥವರಿಗೆ 5-ಎಫ್‌ಯು ಎಂಬ ಕೀಮೋ ಔಷಧವೊಂದನ್ನೇ ಕೊಡುವುದರಿಂದ ಪ್ರಯೋಜನವಿಲ್ಲ. ಆದ್ದರಿಂದ ಆ ವರದಿ ಕೈಸೇರುವವರೆಗೆ ಕೀಮೋಥೆರಪಿಯ ವಿಷಯದಲ್ಲಿ ಯಾರೂ ಆತುರಪಡಿಸಬಾರದು.

ಈ ಕೊರತೆ ಕೆಲವೊಮ್ಮೆ ವಂಶಪಾರಂಪರ್ಯವಾಗಿಯೂ ಬರುತ್ತದೆ. ಅದು ಹೇಗೇ ಇರಲಿ, ಒಡಹುಟ್ಟಿದ ತಮ್ಮನಿಗೆ ಕಾಯಿಲೆ ಬಂದಿರುವಾಗ ನೀವೂ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು. ದಯವಿಟ್ಟು ಈ ತಿಂಗಳಲ್ಲೇ ಮಣಿಪಾಲಕ್ಕೆ ಹೋಗಿ ಕೊಲೊನೋಸ್ಕೋಪಿಗೆ ದಿನ ಗೊತ್ತುಮಾಡಿಕೊಳ್ಳಿ. ಅಮ್ಮನಿಗೆ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಪ್ರೀತಿಯ ಮಗಳು