ನಲಿ-ಕಲಿ ಮಕ್ಕಳ ಪೋಷಕರಿಗೆ ಒಂದು ಪತ್ರ

ನಮಸ್ಕಾರ,

ಮಳೆ ಜೋರಾಗಿ ರಜೆ ಮೇಲೆ ರಜೆ ಬರ್ತಾ ಇದೆ, ಮಳೆಗಾಲದ ಮೀನುಗಾರಿಕೆ ನಿಷೇಧಕ್ಕೆ ಬೋಟ್ ಬಂದ್ ಇರೋದ್ರಿಂದ ಜುಲೈ 31ರವರೆಗೆ ಸುಮಾರು ಅಪ್ಪಂದಿರೂ ಮನೇಲೇ ಇರ್ತೀರಿ, ಅದಕ್ಕೇ ನಲಿ-ಕಲಿ (ಒಂದರಿಂದ ಮೂರನೇ ಕ್ಲಾಸಿನವರಿಗೆ ಚಟುವಟಿಕೆ ಮಾಡಿಸ್ತಾ ಕಲಿಸೋ ಪದ್ಧತಿ) ಮಕ್ಕಳ ಓದು-ಬರಹಕ್ಕೆ ಮನೇಲಿ ಹೆಂಗೆ ಜೊತೆ ಕೊಡ್ಬೇಕು ಅನ್ನೋ ಮಾತು ಈಗಲೇ ಹೇಳ್ಬಿಡೋಣ ಅಂತ ಬರೀತಿದೀನಿ.

"ಅಕ್ಕೋರೇ, ನಮ್ಮ ಹುಡುಗ ಅ ಆ ಇ ಈ ಬಿಟ್ಟು ರ ಗ ಸ ದ ಅ ಅಂತಾನಲ್ಲ, ಇದೇನು?" ಅಂತ ಗೇಟ್ ಹತ್ರ ತುಂಬಾ ಜನ ಕೇಳಿದ್ರಿ. ನಲಿ-ಕಲಿಯಲ್ಲಿ ಶುರು ಮಾಡೋದೇ ಹಂಗೆ. ಈ ಐದು ಅಕ್ಷರ ಬಂದ್ರೆ ಸರ, ಅರಸ, ಅಗಸ, ಗರಗಸ ಅಂತ ಮಗು ತಾನೇ ಕೂಡಿಸಿ ಓದುತ್ತೆ, 49 ಅಕ್ಷರ ಮುಗಿಯೋವರೆಗೂ ಕಾಯ್ಬೇಕಾಗಿಲ್ಲ. ವರ್ಣಮಾಲೆ ಬಾಯಿಪಾಠ ಬಂದ್ರೆ ಒಳ್ಳೇದೇ, ಆದ್ರೆ ಅದು ಓದು ಅಲ್ಲ. ಬಸ್ ಬಂದಾಗ ಬೋರ್ಡ್ ತೋರ್ಸಿ, ಅಂಕೋಲಾನೋ ಕುಮಟಾನೋ ಮಗು ಹೇಳ್ಲಿ.

ಮುಖ್ಯವಾಗಿ ಹೇಳ್ಬೇಕಿರೋದು ಬರೆಯೋದರ ಬಗ್ಗೆ. ಮೊನ್ನೆ ಎರಡನೇ ಕ್ಲಾಸಿನ ಹುಡುಗಿ ಒಬ್ಳು ತನ್ನಷ್ಟಕ್ಕೆ ತಾನೇ ಬರ್ದಿದ್ಲು, "ಅಜಿ ಬಗಡೆ ಸುಟಳು", ಅಂದ್ರೆ ಅಜ್ಜಿ ಬಂಗಡೆ ಮೀನು ಸುಟ್ಟಳು ಅಂತ. ಮನೆಯವರು ಕೆಳಗೆ ಸರಿ ಮಾಡಿ ಬರೆದು ಹತ್ತು ಸಲ ಕಾಪಿ ಮಾಡ್ಸಿದಾರೆ, ಐದನೇ ಸಾಲಿಗೆ ಬರೋವಷ್ಟರಲ್ಲಿ ಅಕ್ಷರ ಎಲ್ಲಾ ಕಾಗೆ ಕಾಲು ಗುಬ್ಬಿ ಕಾಲು, ಮರುದಿನ ಏನಾದ್ರೂ ಬರಿ ಪುಟ್ಟಿ ಅಂದ್ರೆ ಪೆನ್ಸಿಲೇ ಮುಟ್ಲಿಲ್ಲ. ನನಗೆ ಸಂಕಟ ಆಯ್ತು. ಯಾರು, ಏನನ್ನ, ಏನು ಮಾಡಿದ್ರು, ಮೂರೂ ಆ ಸಾಲಲ್ಲಿತ್ತು, ಕ್ರಮಾನೂ ಸರಿ ಇತ್ತು, ಬಿಟ್ಟಿದ್ದು ಒಂದು ಸೊನ್ನೆ, ಎರಡು ಒತ್ತು ಅಷ್ಟೇ! ಅವಳು ಬರ್ದ ಹಾಗೇ ಗಟ್ಟಿಯಾಗಿ ಓದ್ದೆ, "ಬಗಡೆ" ಅಂದ ಕೂಡ್ಲೇ ನಕ್ಕು, "ಬಗಡೆ ಅಲ್ಲ ಅಕ್ಕೋರೇ, ಬಂಗಡೆ" ಅಂತ ತಾನೇ ಸೊನ್ನೆ ಇಟ್ಲು. ಒತ್ತಿಗೆ ಇನ್ನೂ ಟೈಮ್ ಬೇಕು, ಬರುತ್ತೆ. ನೀವೂ ಹಿಂಗೇ ಓದಿ ಕೇಳ್ಸಿ, ಬೈಬೇಡಿ.

ಮನೇಲಿ ಕೊಂಕಣಿ ಮಾತಾಡೋರು ಚಿಂತೆ ಮಾಡ್ಬೇಡಿ, ಮಗು ಮೊದ್ಲು ಕೊಂಕಣಿಯಲ್ಲೇ ಹೇಳ್ಲಿ, ಆಮೇಲೆ ಕನ್ನಡದಲ್ಲಿ ಹೆಂಗೆ ಹೇಳ್ತಿ ಅಂತ ಕೇಳಿ. ನಿಮಗೆ ಓದೋಕೆ ಬರದಿದ್ರೂ ಪಕ್ಕದಲ್ಲಿ ಕೂತು ಕೇಳಿಸ್ಕೊಳ್ಳಿ, ಮಗುಗೆ ಅದೇ ದೊಡ್ಡದು.

ದಿನಕ್ಕೆ ಹತ್ತು ನಿಮಿಷ, ಒಂದೇ ವಾಕ್ಯ, ಅದೂ ಮಗು ತಾನೇ ಹೇಳಿದ ವಾಕ್ಯ. ಅಪ್ಪ ಬಲೆ ಹೊಲೀತಾ ಕೂತಿದ್ರೆ ಅದನ್ನೇ ಬರೀಲಿ. ನೋಟ್‌ಬುಕ್ ಶನಿವಾರ ಕಳ್ಸಿಕೊಡಿ, ರಬ್ಬರ್ ಹಾಕಿ ಉಜ್ಜಬೇಡಿ, ತಪ್ಪೂ ನಾನು ನೋಡ್ಬೇಕು.

ಇಂತಿ,
ನಿಮ್ಮ ಮುಖ್ಯ ಶಿಕ್ಷಕಿ