ಆಪರೇಷನ್ ಆದವರ ಗ್ಯಾಸ್ ಮಾತ್ರೆಯ ಲೆಕ್ಕ ಯಾರು ನೋಡಬೇಕು?

ಮಾನ್ಯ ಸಂಪಾದಕರೇ,

ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಕುರಿತು ನಿಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಬಂದ ಲೇಖನ ಓದಿದೆ. ಯಾರಿಗೆ ಈ ಚಿಕಿತ್ಸೆ ಬೇಕು, ತೂಕ ಎಷ್ಟು ಇಳಿಯುತ್ತದೆ, ಸಕ್ಕರೆ ಕಾಯಿಲೆ ಹೇಗೆ ಹತೋಟಿಗೆ ಬರುತ್ತದೆ ಎಂಬುದೆಲ್ಲ ಚೆನ್ನಾಗಿಯೇ ಇತ್ತು. ಆದರೆ ಮನೆಗೆ ಬಂದ ಮೇಲೆ ಹಲವರು ವರ್ಷಗಟ್ಟಲೆ ನುಂಗುವ, ಹೊಟ್ಟೆಯ ಆಮ್ಲ ತಗ್ಗಿಸುವ ಮಾತ್ರೆಗಳ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಸೋಮವಾರಪೇಟೆಯಲ್ಲಿ ಔಷಧಿ ಅಂಗಡಿ ನಡೆಸುವ ನಾನು ಕಾಣುವುದು ಲೇಖನದಲ್ಲಿ ಬಿಟ್ಟುಹೋದ ಆ ಭಾಗವನ್ನೇ. ಹಾಗಾಗಿ ಈ ಪತ್ರ.

ನಮ್ಮ ಕಡೆಯವರು ಈ ಆಪರೇಷನ್‌ಗೆ ಮೈಸೂರಿಗೋ ಮಂಗಳೂರಿಗೋ ಬೆಂಗಳೂರಿಗೋ ಹೋಗುತ್ತಾರೆ. ಮೊದಲ ವರ್ಷ ಹೇಳಿದ ದಿನಕ್ಕೆ ತಪ್ಪದೆ ತೋರಿಸಿಕೊಂಡು ಬರುತ್ತಾರೆ. ಮೈ ಹಗುರಾದ ಮೇಲೆ ಹೋಗುವುದು ಕಡಿಮೆಯಾಗುತ್ತದೆ. ಕಾಫಿ ಕೊಯ್ಲು, ಅದರ ಬೆನ್ನಿಗೆ ಮೆಣಸಿನ ಕೊಯ್ಲು, ಆಮೇಲೆ ಮಳೆ. ಶಾಂತಳ್ಳಿ ಕಡೆಯಿಂದ ಮಳೆಗಾಲದಲ್ಲಿ ಸೋಮವಾರಪೇಟೆಗೆ ಬಂದು ಹೋಗುವುದೇ ಕಷ್ಟ, ಇನ್ನು ಬೆಂಗಳೂರಿನ ಮಾತೆಲ್ಲಿ? ಎದೆಯುರಿ ಮಾತ್ರ ಬಿಡುವುದಿಲ್ಲ. ಸೋಮವಾರದ ಸಂತೆಗೆ ಬಂದವರು ತರಕಾರಿ ಚೀಲವನ್ನು ಕೌಂಟರಿನ ಪಕ್ಕ ಇಟ್ಟು, ಖಾಲಿ ಶೀಟ್ ತೋರಿಸಿ, "ಅಕ್ಕಾ, ಇದೇ ಗ್ಯಾಸ್ ಮಾತ್ರೆ ಎರಡು ಶೀಟ್ ಕೊಡಿ" ಎನ್ನುತ್ತಾರೆ. ಚೀಟಿ ಎಲ್ಲಿ ಎಂದರೆ, ಆಪರೇಷನ್ ಮಾಡಿದ ಡಾಕ್ಟರೇ ಬರೆದದ್ದು ಎನ್ನುತ್ತಾರೆ. ಬರೆದದ್ದು ನಿಜವೇ. ಎಷ್ಟು ದಿನಕ್ಕೆ ಬರೆದಿದ್ದರು ಎಂಬುದು ಯಾರಿಗೂ ನೆನಪಿರುವುದಿಲ್ಲ. ಜನ ಗ್ಯಾಸ್ ಮಾತ್ರೆ ಎನ್ನುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ಗಳು ವೈದ್ಯರ ಚೀಟಿಯ ಮೇಲೆ ಮಾತ್ರ ಮಾರಬೇಕಾದ ಷೆಡ್ಯೂಲ್ ಎಚ್ ಔಷಧಿಗಳು. ಊರೂರಲ್ಲಿ ಅವು ಹೇಗೆ ಮಾರಾಟವಾಗುತ್ತಿವೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ.

ನನ್ನ ಅಕ್ಕನಿಗೂ ಈ ಆಪರೇಷನ್ ಆಗಿದೆ. ಶಾಂತಳ್ಳಿ ಬಳಿ ಅವರದು ಸಣ್ಣ ಅರೇಬಿಕಾ ತೋಟ. ತೂಕ 118 ಕೆ.ಜಿ. ಇತ್ತು, ಜೊತೆಗೆ ಸಕ್ಕರೆ ಕಾಯಿಲೆ, ಥೈರಾಯ್ಡ್, ತೋಟದ ಏರು ಹತ್ತಲು ಬಿಡದ ಮಂಡಿ ನೋವು. ಜಠರವನ್ನು ಕಿರಿದು ಮಾಡುವ ಸ್ಲೀವ್ ಆಪರೇಷನ್ ಆದ ಮೇಲೆ ತೂಕ ಇಳಿಯಿತು, ಸಕ್ಕರೆಯ ಮಾತ್ರೆ ಅರ್ಧವಾಯಿತು, ಈಗ ಕೊಯ್ಲಿನ ಹೊತ್ತಿಗೆ ಆಳುಗಳ ಜೊತೆ ತಾನೂ ತೋಟ ಸುತ್ತುತ್ತಾಳೆ. ಆಪರೇಷನ್ ಅವಳಿಗೆ ಒಳ್ಳೆಯದನ್ನೇ ಮಾಡಿತು, ನನ್ನ ಪತ್ರ ಅದರ ವಿರುದ್ಧವಲ್ಲ. ಆದರೆ ಎರಡನೇ ವರ್ಷದಿಂದ ರಾತ್ರಿ ಮಲಗಿದರೆ ಹುಳಿನೀರು ಗಂಟಲಿಗೆ ಬರತೊಡಗಿತು. ಬೆಳಗಿನ ಜಾವ ಒಣ ಕೆಮ್ಮು. ಮನೆಯಲ್ಲಿ ಶೀತವೆಂದು ಮೆಣಸಿನ ಕಷಾಯ ಮಾಡಿಕೊಟ್ಟರು. ಕುಡಿದಷ್ಟೂ ಉರಿ ಹೆಚ್ಚಿತು.

ಸ್ಲೀವ್‌ನಲ್ಲಿ ಜಠರದ ಸುಮಾರು ಮುಕ್ಕಾಲು ಪಾಲು ತೆಗೆದು ಬಾಳೆಕಾಯಿಯಂಥ ಒಂದು ಕೊಳವೆಯನ್ನು ಮಾತ್ರ ಉಳಿಸುತ್ತಾರೆ. ಹಿಗ್ಗುವ ಭಾಗವೇ ಹೋದ ಮೇಲೆ ಉಳಿದದ್ದರೊಳಗೆ ಒತ್ತಡ ಹೆಚ್ಚುತ್ತದೆ, ಅನ್ನನಾಳದ ಬುಡದಲ್ಲಿರುವ ಬಿಗಿ ಕೆಲವರಲ್ಲಿ ಸಡಿಲವಾಗುತ್ತದೆ. ಮೊದಲು ಎದೆಯುರಿಯೇ ಇಲ್ಲದಿದ್ದವರಿಗೂ ಹೊಸದಾಗಿ ಶುರುವಾಗುವುದು ಇದರಿಂದಲೇ. ಗ್ಯಾಸ್ಟ್ರಿಕ್ ಬೈಪಾಸ್ ಬೇರೆ ಬಗೆ. ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಪುಟ್ಟ ಚೀಲ ಮಾಡಿ ಅದನ್ನು ಸಣ್ಣ ಕರುಳಿಗೆ ಜೋಡಿಸುತ್ತಾರೆ. ಅಲ್ಲಿ ಎದೆಯುರಿ ಸಾಮಾನ್ಯವಾಗಿ ತಗ್ಗುತ್ತದೆ, ಆದರೆ ಜೋಡಿಸಿದ ಜಾಗದಲ್ಲಿ ಹುಣ್ಣಾಗುವ ಭಯವಿದೆ. ಅದಕ್ಕಾಗಿ ಮೊದಲ ಕೆಲವು ತಿಂಗಳು ಇದೇ ಮಾತ್ರೆ ಕೊಡುತ್ತಾರೆ. ಮಾತ್ರೆ ಒಂದೇ, ಕಾರಣ ಬೇರೆ, ಅವಧಿಯೂ ಬೇರೆ. ನಿಮಗೆ ಆದದ್ದು ಯಾವುದು ಎಂದು ಕೇಳಿದರೆ "ಹೊಟ್ಟೆ ಆಪರೇಷನ್" ಎಂಬ ಉತ್ತರ ಬರುತ್ತದೆ. ಅವರನ್ನು ದೂರುವುದು ಹೇಗೆ? ಕೈಯಲ್ಲಿರುವ ಕಾಗದ ಇಂಗ್ಲಿಷಿನಲ್ಲಿದೆ.

ಇನ್ನು ನುಂಗುವ ಹೊತ್ತು. ಅಕ್ಕ ಬೆಳಿಗ್ಗೆ ರೊಟ್ಟಿ ತಿಂದು ಕಾಫಿ ಕುಡಿದ ಮೇಲೆ ಎಲ್ಲ ಮಾತ್ರೆಗಳನ್ನೂ ಒಟ್ಟಿಗೆ ನುಂಗುತ್ತಿದ್ದಳು. ಆಮ್ಲದ ಮಾತ್ರೆ ಕೆಲಸ ಮಾಡುವುದು ಊಟದ ಹೊತ್ತಿಗೆ ಆಮ್ಲ ಸುರಿಸಲು ಸಜ್ಜಾಗುವ ಜೀವಕೋಶಗಳ ಮೇಲೆ. ಆದ್ದರಿಂದ ತಿನ್ನುವುದಕ್ಕೆ 30ರಿಂದ 60 ನಿಮಿಷ ಮೊದಲೇ, ಖಾಲಿ ಹೊಟ್ಟೆಯಲ್ಲಿ ಅದು ಒಳಗೆ ಹೋಗಿರಬೇಕು. ತಿಂದ ಮೇಲೆ ನುಂಗಿ, ಕೆಲಸ ಮಾಡುತ್ತಿಲ್ಲವೆಂದು ತಾವೇ ಎರಡು ಹೊತ್ತಿಗೆ ಏರಿಸಿಕೊಂಡವರು ಎಷ್ಟೋ ಮಂದಿ. ಹೊತ್ತು ಬದಲಿಸಿದ್ದಕ್ಕೇ ಅಕ್ಕನ ಉರಿ ಬಹಳಷ್ಟು ಇಳಿಯಿತು.

ಆಪರೇಷನ್ ಆದ ಹೊಸತರಲ್ಲಿ ನುಂಗಲು ಕಷ್ಟವೆಂದು ಮನೆಯವರು ಎಲ್ಲ ಮಾತ್ರೆಗಳನ್ನೂ ಕುಟ್ಟಿ ಪುಡಿ ಮಾಡಿಕೊಡುವುದುಂಟು. ಪ್ಯಾಂಟೊಪ್ರಜೋಲ್ ಮಾತ್ರೆಯ ಮೇಲಿರುವ ಲೇಪ ಅದನ್ನು ಜಠರದ ಆಮ್ಲದಿಂದ ಕಾಪಾಡುವುದಕ್ಕೆಂದೇ ಇರುವುದು. ಕುಟ್ಟಿದರೆ ಔಷಧಿ ಅಲ್ಲೇ ಹಾಳಾಗುತ್ತದೆ. ಕ್ಯಾಪ್ಸೂಲ್ ಆಗಿದ್ದರೆ ಬಿಡಿಸಿ, ಒಳಗಿನ ಕಾಳುಗಳನ್ನು ಅಗಿಯದೆ ಮೆತ್ತನೆಯ ಆಹಾರದ ಜೊತೆ ನುಂಗುವ ಕ್ರಮವಿದೆ. ಅದನ್ನೂ ವೈದ್ಯರನ್ನು ಕೇಳಿಯೇ ಮಾಡಬೇಕು.

ನನಗೆ ಹೆಚ್ಚು ಚಿಂತೆಯಾಗುವುದು ಪರೀಕ್ಷೆಯೇ ಇಲ್ಲದೆ ವರ್ಷಗಳು ಉರುಳುವುದು. ಅಕ್ಕನಿಗೆ ಪಾದ ಜೋಮು ಹಿಡಿಯಲು ಶುರುವಾದಾಗ ಸಕ್ಕರೆ ಕಾಯಿಲೆಯದೇ ಇರಬೇಕೆಂದು ಮನೆಯವರು ಸುಮ್ಮನಿದ್ದರು. ರಕ್ತ ಪರೀಕ್ಷೆ ಮಾಡಿಸಿದಾಗ ನರಗಳಿಗೆ ಬೇಕಾದ ಬಿ12 ಜೀವಸತ್ವ ತೀರಾ ಕಡಿಮೆ. ಆಹಾರದಿಂದ ಬಿ12 ಬಿಡಿಸಿಕೊಳ್ಳಲು ಆಮ್ಲ ಬೇಕು, ಅದನ್ನು ಮಾತ್ರೆ ತಗ್ಗಿಸಿತ್ತು. ಬಿ12 ಹೀರಿಕೊಳ್ಳಲು ನೆರವಾಗುವ ಅಂಶ ತಯಾರಾಗುವ ಜಠರದ ಭಾಗ ಬಹುಪಾಲು ಆಪರೇಷನ್‌ನಲ್ಲಿ ಹೋಗಿತ್ತು. ಸಕ್ಕರೆಗೆಂದು ತೆಗೆದುಕೊಳ್ಳುತ್ತಿದ್ದ ಮೆಟ್‌ಫಾರ್ಮಿನ್ ಕೂಡ ಬಿ12 ಕುಗ್ಗಿಸುವ ಔಷಧಿಯೇ. ಮೂರೂ ಕಡೆಯಿಂದ ಪೆಟ್ಟು ಬಿದ್ದಿತ್ತು. ಇಂಜೆಕ್ಷನ್ ಕೊಡಿಸಿದ ಮೇಲೆ ನಿಧಾನಕ್ಕೆ ಸರಿಹೋಯಿತು. ಕಬ್ಬಿಣಾಂಶ, ಮೆಗ್ನೀಸಿಯಂ ಕೂಡ ಹೀಗೇ ಇಳಿಯಬಹುದು. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ಕ್ಯಾಲ್ಸಿಯಂ ಕಾರ್ಬೊನೇಟ್ ಮೈಗೆ ಹತ್ತಲು ಆಮ್ಲ ಬೇಕು. ಆಪರೇಷನ್ ಆದವರಿಗೆ, ಅದರಲ್ಲೂ ಈ ಮಾತ್ರೆ ತೆಗೆದುಕೊಳ್ಳುವವರಿಗೆ, ಕ್ಯಾಲ್ಸಿಯಂ ಸಿಟ್ರೇಟ್ ಒಳ್ಳೆಯದು. ಕಬ್ಬಿಣದ ಮಾತ್ರೆ ಮತ್ತು ಕ್ಯಾಲ್ಸಿಯಂ ನಡುವೆ ಎರಡು ಗಂಟೆಯಾದರೂ ಅಂತರ ಬೇಕು, ಥೈರಾಯ್ಡ್ ಮಾತ್ರೆಗೂ ಇವೆರಡಕ್ಕೂ ನಾಲ್ಕು ಗಂಟೆ. ಆಮ್ಲದ ಮಾತ್ರೆ ಹೊಸದಾಗಿ ಶುರುವಾದರೆ ಥೈರಾಯ್ಡ್ ಪರೀಕ್ಷೆಯನ್ನೂ ಮತ್ತೊಮ್ಮೆ ಮಾಡಿಸುವುದು ಒಳ್ಳೆಯದು, ಏಕೆಂದರೆ ಥೈರಾಯ್ಡ್ ಮಾತ್ರೆ ಮೈಗೆ ಹತ್ತುವುದು ಕಡಿಮೆಯಾಗಬಹುದು.

ಇದನ್ನೆಲ್ಲ ಓದಿ ಯಾರೂ ನಾಳೆಯೇ ಮಾತ್ರೆ ಬಿಡಬಾರದು. "ಗ್ಯಾಸ್ ಮಾತ್ರೆ ಕಿಡ್ನಿ ತಿನ್ನುತ್ತದೆ" ಎಂಬ ವಾಟ್ಸ್ಆ್ಯಪ್ ಸಂದೇಶ ಬಂದಾಗ ಒಮ್ಮೆಗೇ ನಿಲ್ಲಿಸಿ, ಮೊದಲಿಗಿಂತ ಹೆಚ್ಚಿನ ಉರಿಯೊಂದಿಗೆ ಮರಳಿ ಬಂದವರನ್ನು ನೋಡಿದ್ದೇನೆ. ತಡೆದಿಟ್ಟ ಆಮ್ಲ ಮಾತ್ರೆ ನಿಂತ ಕೂಡಲೇ ಕೆಲಕಾಲ ಜಾಸ್ತಿಯೇ ಸುರಿಯುತ್ತದೆ. ವೈದ್ಯರು ಡೋಸ್ ಇಳಿಸುತ್ತಾ ಬಂದು, ಅಗತ್ಯವಿದ್ದರೆ ನಡುವೆ ಆಮ್ಲ ತಗ್ಗಿಸುವ ಇನ್ನೊಂದು ಬಗೆಯ ಮಾತ್ರೆ ಫಮೋಟಿಡಿನ್ ಕೊಟ್ಟು ಬಿಡಿಸುತ್ತಾರೆ. ಕೆಲವರಿಗೆ ಬಿಡುವಂತೆಯೇ ಇರುವುದಿಲ್ಲ. ಅನ್ನನಾಳದಲ್ಲಿ ಹುಣ್ಣಿರುವವರಿಗೆ ಮಾತ್ರೆಯಿಂದಾಗುವ ತೊಂದರೆಗಿಂತ ಬಿಟ್ಟರೆ ಆಗುವ ತೊಂದರೆ ದೊಡ್ಡದು. ಹಳಬರು ಈಗಲೂ ಕೇಳುವ ಆಮ್ಲದ ಹಳೆಯ ಮಾತ್ರೆ ರಾನಿಟಿಡಿನ್ 2022ರ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿಲ್ಲ.

ನೋವಿನ ಮಾತ್ರೆಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ಕೊಯ್ಲಿನ ದಿನಗಳಲ್ಲಿ ಮೈಕೈ ನೋವಿಗೆ, ಮಂಡಿ ನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ಕೇಳುವವರು ಬಹಳ. ಬೈಪಾಸ್ ಆದವರಿಗೆ ಈ ಮಾತ್ರೆಗಳಿಂದ ಜೋಡಣೆಯ ಜಾಗದಲ್ಲಿ ಹುಣ್ಣಾಗಿ ರಕ್ತ ಸೋರಬಹುದು, ತೂತೇ ಬೀಳಬಹುದು. ಬೀಡಿ, ಸಿಗರೇಟು ಸೇದುವವರಿಗೆ ಅಪಾಯ ಇನ್ನೂ ಹೆಚ್ಚು. ಜೊತೆಗೊಂದು ಗ್ಯಾಸ್ ಮಾತ್ರೆ ನುಂಗಿದರೆ ಏನೂ ಆಗುವುದಿಲ್ಲ ಎಂಬುದು ಸುಳ್ಳು ಧೈರ್ಯ. ಸಾಮಾನ್ಯ ನೋವಿಗೆ ಪ್ಯಾರಾಸಿಟಮಾಲ್ ಸಾಕು.

ಊಟದ ಬಗ್ಗೆ ನಗರದ ಆಸ್ಪತ್ರೆಗಳಿಂದ ಬರುವ ಚೀಟಿಗಳಲ್ಲಿ ಓಟ್ಸ್, ಸೂಪ್ ಎಂದಿರುತ್ತದೆ. ನಮ್ಮ ಅಡುಗೆಮನೆಯ ಕಾಚಂಪುಳಿ ಎಂಬ ಹುಳಿರಸ, ಕಾಳುಮೆಣಸು, ಹಂದಿಮಾಂಸದ ಕೊಬ್ಬು, ಮಳೆಗಾಲದ ಕಳಲೆ ಪಲ್ಯ ಯಾವ ಚೀಟಿಯಲ್ಲೂ ಇಲ್ಲ. ಹುಳಿ, ಖಾರ, ಜಿಡ್ಡು ಮೂರೂ ಒಂದೇ ತಟ್ಟೆಯಲ್ಲಿ ಸೇರಿದ ರಾತ್ರಿ ನಿದ್ದೆ ಇಲ್ಲ ಎಂಬುದನ್ನು ಅಕ್ಕ ತಾನೇ ಗಮನಿಸಿ ಕಂಡುಕೊಂಡಳು. ಕಾಫಿ ಬೆಳೆಯುವವರಿಗೆ ಕಾಫಿಯನ್ನೇ ಬಿಡಿ ಎನ್ನುವುದು ನಡೆಯುವ ಮಾತಲ್ಲ. ಖಾಲಿ ಹೊಟ್ಟೆಯ ಬೆಳಗಿನ ಕಾಫಿ ಬಿಟ್ಟು, ತಿಂಡಿಯ ಎಷ್ಟೋ ಹೊತ್ತಿನ ನಂತರ ಅರ್ಧ ಲೋಟ ಕುಡಿದು ನೋಡಲಿ, ಉರಿದರೆ ಆಗ ಬಿಡಲಿ. ನಮ್ಮ ಸುಗ್ಗಿ ಹಬ್ಬ ಹುತ್ತರಿಯ ದಿನ ಕದಿರು ತೆಗೆದು ಮನೆ ಸೇರಿ ಊಟಕ್ಕೆ ಕೂರುವಾಗ ಹೊತ್ತಾಗಿರುತ್ತದೆ. ಆಪರೇಷನ್ ಆದವರಿಗೆ ಮನೆಯವರು ಸಂಜೆಯೇ ಬಡಿಸಿಬಿಡಬೇಕು, ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಬೇಕು. ದಿಂಬಿನ ಮೇಲೆ ದಿಂಬು ಇಟ್ಟರೆ ಹೊಟ್ಟೆ ಮಡಚಿ ಒತ್ತಡ ಹೆಚ್ಚುತ್ತದೆ. ಮಂಚದ ತಲೆಭಾಗದ ಕಾಲುಗಳ ಕೆಳಗೆ ಆರರಿಂದ ಎಂಟು ಇಂಚಿನ ಮರದ ತುಂಡು ಇಡುವುದು, ಎಡ ಮಗ್ಗುಲಿಗೆ ಮಲಗುವುದು, ಇವೆರಡಕ್ಕೆ ಖರ್ಚೂ ಇಲ್ಲ, ಅಡ್ಡಪರಿಣಾಮವೂ ಇಲ್ಲ.

ಇಷ್ಟೆಲ್ಲ ಮಾಡಿಯೂ ಉರಿ ನಿಲ್ಲದಿದ್ದರೆ ಎಂಡೋಸ್ಕೋಪಿ ಮಾಡಿಸಲೇಬೇಕು. ಆಮ್ಲ ವರ್ಷಗಟ್ಟಲೆ ತಾಗಿದರೆ ಅನ್ನನಾಳದ ಒಳಪದರವೇ ಬದಲಾಗಬಹುದು, ಅದು ಮುಂದೆ ಕ್ಯಾನ್ಸರ್‌ಗೆ ದಾರಿಯಾಗಬಹುದು. ಸ್ಲೀವ್ ನಂತರದ ಉರಿ ಮಾತ್ರೆಗೆ ಬಗ್ಗದಿದ್ದಾಗ ಅದನ್ನು ಬೈಪಾಸ್‌ಗೆ ಬದಲಿಸುವ ದಾರಿಯೂ ಇದೆ. ನುಂಗಿದ್ದು ಎದೆಯಲ್ಲಿ ಸಿಕ್ಕಿಕೊಂಡಂತಾದರೆ, ರಕ್ತ ವಾಂತಿಯಾದರೆ, ಮಲ ಡಾಂಬರಿನ ಬಣ್ಣಕ್ಕೆ ಬಂದರೆ, ವಾಂತಿ ನಿಲ್ಲದಿದ್ದರೆ ಅಂಗಡಿಗೆ ಬರಬೇಡಿ, ಆಸ್ಪತ್ರೆಗೆ ಹೋಗಿ. ಎದೆ ಹಿಂಡಿದಂತಾಗಿ ಬೆವರು ಬಂದರೆ ಗ್ಯಾಸ್ ಎಂದು ಸೋಡಾ ಕುಡಿದು ಮಲಗಬೇಡಿ, ಮೊದಲು ಇಸಿಜಿ.

ಆಪರೇಷನ್ ಮಾಡುವ ಆಸ್ಪತ್ರೆಗಳಲ್ಲಿ ನನ್ನ ಬೇಡಿಕೆ ಒಂದು ಪುಟದ್ದು. ಡಿಸ್ಚಾರ್ಜ್ ಸಮ್ಮರಿಯ ಜೊತೆ ಕನ್ನಡದಲ್ಲಿ ಬರೆದುಕೊಡಿ: ಆದ ಆಪರೇಷನ್ ಯಾವುದು, ಆಮ್ಲದ ಮಾತ್ರೆ ಯಾವ ತಿಂಗಳವರೆಗೆ, ಯಾವ ರಕ್ತ ಪರೀಕ್ಷೆ ಯಾವಾಗ, ಯಾವ ನೋವಿನ ಮಾತ್ರೆ ಕೂಡದು. ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ತಿಂಗಳಿಗೊಂದು ದಿನ ಇಂಥವರ ತಪಾಸಣೆಗೆಂದೇ ಮೀಸಲಿಟ್ಟರೆ ಜಿಲ್ಲೆಯವರಿಗೆ ಬೆಂಗಳೂರಿನ ಓಡಾಟ ಅರ್ಧ ತಪ್ಪುತ್ತದೆ. ಔಷಧಿ ಅಂಗಡಿಯ ನನ್ನ ಸಹೋದ್ಯೋಗಿಗಳು ಗ್ಯಾಸ್ ಮಾತ್ರೆಯನ್ನೋ ನೋವಿನ ಮಾತ್ರೆಯನ್ನೋ ಕೈಗೆ ಕೊಡುವ ಮುನ್ನ "ಹೊಟ್ಟೆಯ ಆಪರೇಷನ್ ಏನಾದರೂ ಆಗಿದೆಯಾ?" ಎಂದು ಒಮ್ಮೆ ಕೇಳಲಿ. ಆಪರೇಷನ್ ಆದವರು ಆ ಕಾಗದದ ಫೋಟೊ ಮೊಬೈಲಿನಲ್ಲಿ ಇಟ್ಟುಕೊಂಡೇ ಸಂತೆಗೆ ಬರಲಿ.

ಇಂತಿ,
ಔಷಧಿ ಅಂಗಡಿಯ ಫಾರ್ಮಸಿಸ್ಟ್,
ಸೋಮವಾರಪೇಟೆ, ಕೊಡಗು