ಗೆಳೆಯನಿಗೊಂದು ಪತ್ರ: ಗರಗರ ಇರಲಿ, ಶ್ರುತಿ ಸರಿಯಾಗಲಿ

ಪ್ರಿಯ ಗೆಳೆಯಾ,

ನಿನ್ನ ಮಾವನವರ ಟ್ರಂಕಿನ ಫೋಟೋಗಳನ್ನು ನೋಡಿದೆ. ಅರಗಿನ ಪ್ಲೇಟುಗಳು, ಎಚ್‌ಎಂವಿಯ ಎಲ್‌ಪಿಗಳು, ರೇಡಿಯೋದಿಂದ ಹಿಡಿದಿಟ್ಟ ಕ್ಯಾಸೆಟ್ಟುಗಳು. ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ ಗರಗರ ತೆಗೆದುಬಿಡುತ್ತೇನೆ ಎಂದು ಬರೆದಿದ್ದೀಯ. ಸ್ವಲ್ಪ ತಡೆ. ಗರಗರ ತೆಗೆಯುವುದು ಕೊನೆಯ ಕೆಲಸ, ಎಷ್ಟೋ ಸಲ ಬೇಡವೇ ಬೇಡದ ಕೆಲಸ. ಮೊದಲು ಸರಿಮಾಡಬೇಕಾದ್ದು ವೇಗ. ವೇಗ ತಪ್ಪಿದರೆ ಶ್ರುತಿ ತಪ್ಪಿತು. ಶ್ರುತಿ ತಪ್ಪಿದರೆ ಕಂಠವೂ ಆ ಗಾಯಕರದಾಗಿ ಉಳಿಯುವುದಿಲ್ಲ, ಗಮಕಗಳ ನಡೆಯೂ ಅವರದಾಗಿ ಉಳಿಯುವುದಿಲ್ಲ. ಗರಗರದ ಜೊತೆ ಕಿವಿ ಐದು ನಿಮಿಷದಲ್ಲಿ ರಾಜಿ ಮಾಡಿಕೊಳ್ಳುತ್ತದೆ, ತಪ್ಪು ಶ್ರುತಿಯ ಜೊತೆ ಮಾಡಿಕೊಳ್ಳುವುದಿಲ್ಲ.

ಆ ಹಿತ್ತಾಳೆ ಕಹಳೆಯ ಗ್ರಾಮಾಫೋನನ್ನು ಷೋಕೇಸಿನಲ್ಲಿಡು. ಅದರ ಸೌಂಡ್‌ಬಾಕ್ಸಿನ ಭಾರ ನೂರು ಗ್ರಾಂ ದಾಟುತ್ತದೆ, ಕೆಳಗಿರುವುದು ಉಕ್ಕಿನ ಮುಳ್ಳು. ಒಂದೊಂದು ಮುಖಕ್ಕೂ ಹೊಸ ಮುಳ್ಳು ಹಾಕಬೇಕೆಂಬುದು ಆ ಕಾಲದಲ್ಲೇ ಇದ್ದ ನಿಯಮ. ಸವೆದ ಮುಳ್ಳು ಗಾಡಿಯನ್ನು, ಅಂದರೆ ಮುಳ್ಳು ಓಡಲು ಪ್ಲೇಟಿನ ಮೇಲೆ ಸುತ್ತಾಗಿ ಕೊರೆದಿರುವ ಸಣ್ಣ ಕಾಲುವೆಯನ್ನು, ಉಳಿಯ ಹಾಗೆ ಕೆತ್ತುತ್ತದೆ. ಹಳೆಯ ಪ್ಲೇಟುಗಳಲ್ಲಿ ತಾರಸ್ಥಾಯಿಯ ಜೋರಾದ ಜಾಗಗಳಲ್ಲಿ ಬಣ್ಣ ಬೂದಿಯಾಗಿ ಕಾಣುತ್ತದಲ್ಲ, ಅದು ಧೂಳಲ್ಲ, ಸವೆತ. ತೊಳೆದರೆ ಹೋಗದು. ಅಂದಹಾಗೆ, ಮುಂಬಯಿಯ ಚೋರ್ ಬಜಾರಿನಂಥ ಕಡೆ ‘ಆಂಟಿಕ್’ ಎಂದು ಮಾರುವ ಹೊಳೆಯುವ ಕಹಳೆಗಳಲ್ಲಿ ಬಹುಪಾಲು ಇತ್ತೀಚೆಗೆ ಜೋಡಿಸಿದವು. ನಿನ್ನದೂ ಹಾಗೆಯೇ ಕಾಣುತ್ತದೆ. ಮಾವನವರಿಗೆ ಹೇಳಬೇಡ.

ತೊಳೆಯುವಾಗ ಎಲ್‌ಪಿಗೂ ಅರಗಿನ ಪ್ಲೇಟಿಗೂ ಒಂದೇ ದ್ರಾವಣ ಬಳಸಬೇಡ. ಎಲ್‌ಪಿ ವಿನೈಲ್, ಮೂರು ಪಾಲು ಡಿಸ್ಟಿಲ್ಡ್ ನೀರಿಗೆ ಒಂದು ಪಾಲು ಐಸೋಪ್ರೊಪೈಲ್ ಆಲ್ಕೋಹಾಲ್ ಬೆರೆಸಿದರೆ ಬೂಷ್ಟೂ ಬೆರಳಚ್ಚೂ ಬಿಡುತ್ತವೆ. ಅರಗಿನ ಪ್ಲೇಟಿಗೆ (ನಿಮಿಷಕ್ಕೆ ಸುಮಾರು 78 ಸುತ್ತು ತಿರುಗುವುದರಿಂದ ಅದನ್ನು 78 ಎನ್ನುತ್ತಾರೆ) ಆಲ್ಕೋಹಾಲ್ ಒಂದು ಹನಿಯೂ ತಾಕಬಾರದು. ಅದರ ಅಂಟು ಅರಗು, ಮರಗೆಲಸದವರು ಫ್ರೆಂಚ್ ಪಾಲಿಶ್‌ಗೆ ಸ್ಪಿರಿಟ್ಟಿನಲ್ಲಿ ಕರಗಿಸುವ ಅದೇ ಅರಗು. ಗಾಡಿಗಳು ನಿನ್ನ ಕಣ್ಣೆದುರೇ ಕರಗುತ್ತವೆ. ಅರ್ಧ ಲೀಟರ್ ಡಿಸ್ಟಿಲ್ಡ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಮೂರು ಹನಿ ಸಾಕು. ಮೃದುವಾದ ಬ್ರಷ್ಷಿನಿಂದ ಗಾಡಿಯ ಉದ್ದಕ್ಕೂ ಸುತ್ತಾಗಿ ಉಜ್ಜು, ಅಡ್ಡಕ್ಕೆ ಬೇಡ. ಸಾದಾ ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು, ಬಟ್ಟೆಯಿಂದ ಒತ್ತಿ, ನೆರಳಿನಲ್ಲಿ ನೆಟ್ಟಗೆ ನಿಲ್ಲಿಸು. ಬಿಸಿಲಿಗಿಟ್ಟರೆ ಹಪ್ಪಳದಂತೆ ಬಾಗುತ್ತದೆ. ನೆನೆಹಾಕಲೂಬೇಡ: ಹಳೆಯ ಕೊಲಂಬಿಯಾ ಪ್ಲೇಟುಗಳು ಪದರಪದರವಾಗಿವೆ, ಅಂಚಿನ ಬಿರುಕಿನಿಂದ ನೀರು ಒಳಗೆ ಸೇರಿದರೆ ಮೇಲ್ಪದರ ಉಬ್ಬುತ್ತದೆ. ಲೇಬಲ್ ನೆನೆದರೆ ಮಾಹಿತಿಯೂ ಹೋಯಿತು.

ಇನ್ನು ಮುಳ್ಳು. ಎಲ್‌ಪಿಯ ಗಾಡಿ ಕಿರಿದು, ಅದಕ್ಕೆ 18ರಿಂದ 25 ಮೈಕ್ರಾನ್ ತುದಿ. 78ರ ಗಾಡಿ ಅಗಲ, ಅದಕ್ಕೆ 65ರಿಂದ 76 ಮೈಕ್ರಾನ್. ಎಲ್‌ಪಿಯ ಮುಳ್ಳಿನಿಂದ 78 ನುಡಿಸಿದರೆ ತುದಿ ಗಾಡಿಯ ತಳದಲ್ಲಿ, ಧೂಳು ಕೂತಿರುವಲ್ಲೇ, ತೇಲಾಡುತ್ತದೆ. ಸಂಗೀತ ಇರುವುದು ಎರಡು ಗೋಡೆಗಳಲ್ಲಿ, ತಳದಲ್ಲಿ ಬರೀ ಗರಗರ. ‘ಈ ಪ್ಲೇಟು ಹಾಳಾಗಿದೆ’ ಎಂದು ಜನ ಬಿಸಾಡುವುದರಲ್ಲಿ ಎಷ್ಟೋ ಈ ತಪ್ಪು ಮುಳ್ಳಿನ ಬಲಿಗಳು. ಆಡಿಯೋ-ಟೆಕ್ನಿಕಾದ ವಿಎಂ95ಎಸ್‌ಪಿ, ಆರ್ಟೊಫಾನಿನ 2ಎಂ 78 ಇವೆರಡೂ 78ಕ್ಕೆಂದೇ ಮಾಡಿದ, ಮುಳ್ಳು ಕೂರಿಸಿರುವ ಕಾರ್ಟ್ರಿಜ್‌ಗಳು. ತಯಾರಕರು ಹೇಳಿದಷ್ಟೇ ಭಾರ ಇಡು. ಕಡಿಮೆ ಭಾರ ಪ್ಲೇಟಿಗೆ ಒಳ್ಳೆಯದೆಂದು ಹಗುರ ಮಾಡಿದರೆ ಮುಳ್ಳು ಕುಪ್ಪಳಿಸಿ ಇನ್ನಷ್ಟು ಗಾಯ ಮಾಡುತ್ತದೆ. ಟರ್ನ್‌ಟೇಬಲ್ ಕೊಳ್ಳುವುದಾದರೆ 33, 45, 78 ಮೂರೂ ಇರುವುದನ್ನು, ವೇಗವನ್ನು ಸಣ್ಣಗೆ ಏರಿಳಿಸಲು ಬರುವುದನ್ನು ಕೊಳ್ಳು. ಸೂಟ್‌ಕೇಸ್ ಮಾದರಿಯವನ್ನು ದೂರವಿಡು.

78 ಇಲ್ಲದ ಟರ್ನ್‌ಟೇಬಲ್ಲೇ ಇದ್ದರೂ ದಾರಿಯಿದೆ. ಸರಿಯಾದ ಮುಳ್ಳು ಹಾಕಿ 45ರಲ್ಲಿ ನುಡಿಸಿ ಹಿಡಿ, ಆಮೇಲೆ ಅಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ವೇಗವನ್ನು 1.733 ಪಟ್ಟು ಮಾಡು. ಆದರೆ ಇಲ್ಲೊಂದು ಕೊಕ್ಕೆಯಿದೆ. ಮುಳ್ಳಿನ ಸಣ್ಣ ದನಿಯನ್ನು ದೊಡ್ಡದು ಮಾಡುವ ನಿನ್ನ ಫೋನೋ ಪ್ರೀಆಂಪ್, ಮಂದ್ರವನ್ನು ಏರಿಸಿ ತಾರವನ್ನು ಇಳಿಸುವ ಆರ್‌ಐಎಎ ವಕ್ರರೇಖೆಯನ್ನು ಹೇರಿರುತ್ತದೆ. ಅದು 1954ರ ಹೊತ್ತಿಗೆ ಎಲ್‌ಪಿಗಳಿಗಾಗಿ ಒಪ್ಪಿಕೊಂಡ ಮಾನದಂಡ. 5 ಕಿಲೋಹರ್ಟ್ಸ್ ಬಳಿಯಲ್ಲೇ ಸುಮಾರು 8 ಡೆಸಿಬೆಲ್ ಇಳಿಸುತ್ತದೆ. ಹಾಗಾಗಿಯೇ 78ರ ಹಾಡುಗಳು ಕಂಬಳಿ ಹೊದ್ದಂತೆ ಕೇಳುವುದು. ಮೊದಲು ಆರ್‌ಐಎಎಯನ್ನು ತಿರುಗುಮುರುಗು ಮಾಡಿ ತೆಗೆ, ಆಮೇಲೆ ವೇಗ ಬದಲಿಸು, ಕೊನೆಗೆ 78ರ ವಕ್ರರೇಖೆ ಹಾಕು. ಈ ಕ್ರಮ ಅದಲುಬದಲಾದರೆ ಲೆಕ್ಕವೆಲ್ಲ ಕೆಡುತ್ತದೆ. 1930ರ ದಶಕದ ಎಚ್‌ಎಂವಿ, ಕೊಲಂಬಿಯಾಗಳಿಗೆ ಮಂದ್ರದ ತಿರುವನ್ನು (ಮಂದ್ರವನ್ನು ಏರಿಸಲು ಶುರುಮಾಡುವ ಜಾಗ) 250–300 ಹರ್ಟ್ಸ್‌ಗೆ ಇಟ್ಟು, ಮೇಲ್ಭಾಗವನ್ನು ಇಳಿಸದೆ ಬಿಟ್ಟು ಶುರುಮಾಡು. ಉಳಿದದ್ದನ್ನು ಕಿವಿ ಹೇಳಲಿ.

ಈಗ ವೇಗ. ‘78’ ಎಂಬುದು ಒಂದು ಕರೆಯುವ ಹೆಸರು ಅಷ್ಟೇ. ವಿದ್ಯುತ್ ಮೈಕ್ ಬರುವ ಮೊದಲಿನ, ಅಂದರೆ 1925ರ ಹಿಂದಿನ ಪ್ಲೇಟುಗಳು 70ರಿಂದ 82ರವರೆಗೆ ಎಲ್ಲಿ ಬೇಕಾದರೂ ಇರುತ್ತವೆ. 74ರಲ್ಲಿ ಮುದ್ರಿಸಿದ್ದನ್ನು 78ರಲ್ಲಿ ನುಡಿಸಿದರೆ ಹೆಚ್ಚುಕಡಿಮೆ ಒಂದು ಸ್ವರಸ್ಥಾನವೇ ಮೇಲೇರುತ್ತದೆ. ಒಂದೂವರೆ ಮನೆಯ (ಮನೆ ಎಂದರೆ ಹಾರ್ಮೋನಿಯಮ್ಮಿನ ಕೀಲಿಯ ಲೆಕ್ಕದಲ್ಲಿ ಶ್ರುತಿಯ ಎತ್ತರ) ಹಾಡು ಎರಡು ಮನೆಯಾಯಿತು, ಗಂಡಸರ ಗಂಟಲು ಹುಡುಗನದಾಯಿತು.

ಷಡ್ಜವನ್ನು ಅಳೆಯುವ ಕ್ರಮ ಹೀಗೆ. ತಂಬೂರಿಯೋ ಹಾರ್ಮೋನಿಯಮ್ಮೋ ಒಂಟಿಯಾಗಿ ಕೇಳುವ ಐದಾರು ಸೆಕೆಂಡುಗಳನ್ನು ಆರಿಸಿ ಅಡಾಸಿಟಿಯ ಪ್ಲಾಟ್ ಸ್ಪೆಕ್ಟ್ರಮ್ (ದನಿಯಲ್ಲಿ ಯಾವ ಯಾವ ಹರ್ಟ್ಸ್ ಇವೆಯೆಂದು ತೋರಿಸುವ ನಕ್ಷೆ) ತೆರೆ, ಸೈಜನ್ನು 65536ಕ್ಕೆ ಏರಿಸು. ಮೂಲ ಷಡ್ಜವನ್ನೇ ಓದಬೇಡ. ಅಲ್ಲಿ ಒಂದು ಹರ್ಟ್ಸ್ ತಪ್ಪಿದರೂ ದೊಡ್ಡ ತಪ್ಪು. ಅದರ ನಾಲ್ಕನೆಯ ಸಹಸ್ವರವನ್ನು, ಅಂದರೆ ಷಡ್ಜದ ನಾಲ್ಕು ಪಟ್ಟು ಎತ್ತರದಲ್ಲಿ ಜೊತೆಗೇ ಮೊಳಗುವ ನಾದವನ್ನು, ಓದಿ ನಾಲ್ಕರಿಂದ ಭಾಗಿಸು. 285 ಬಂತೆನ್ನು, ಹತ್ತಿರದ ಮನೆ ಒಂದೂವರೆ, ಅದು 277.18. ಈ 277.18ನ್ನು 285ರಿಂದ ಭಾಗಿಸಿದರೆ 0.973, ಅಂದರೆ ವೇಗವನ್ನು ಶೇ 2.7 ಇಳಿಸಬೇಕು. ವೇಗವನ್ನೇ ಬದಲಿಸು; ಟೆಂಪೊ ಉಳಿಸಿ ಪಿಚ್ ಮಾತ್ರ ಬದಲಿಸುವ ಆಯ್ಕೆಯ ಹತ್ತಿರ ಹೋಗಬೇಡ. ತಪ್ಪು ಎರಡರಲ್ಲೂ ಒಟ್ಟಿಗೇ ಬಂದದ್ದು, ಒಟ್ಟಿಗೇ ಹೋಗಬೇಕು.

ಆದರೆ ಹತ್ತಿರದ ಮನೆಗೆ ಕೂರಿಸುವ ಈ ಕೆಲಸ ಕಣ್ಣು ಮುಚ್ಚಿ ಮಾಡುವಂಥದ್ದಲ್ಲ. ಹಾರ್ಮೋನಿಯಂ ಇದ್ದರೆ ಷಡ್ಜ ಯಾವುದೋ ಒಂದು ಮನೆಗೆ ಹತ್ತಿರ ಇರಲೇಬೇಕು, ಅಲ್ಲೂ ಹಳೆಯ ಪೆಟ್ಟಿಗೆಗಳ ಮಟ್ಟ ಇವತ್ತಿನದಕ್ಕಿಂತ ಆಚೀಚೆ ಇರುತ್ತಿತ್ತು. ಬರೀ ತಂಬೂರಿಯಾದರೆ ಎರಡು ಮನೆಗಳ ನಡುವೆ ಎಲ್ಲಿ ಬೇಕಾದರೂ ನಿಂತಿರಬಹುದು. ‘ಗಂಡಸರು ಒಂದರಿಂದ ಎರಡು ಮನೆ, ಹೆಂಗಸರು ಐದು’ ಎಂಬ ಇವತ್ತಿನ ರೂಢಿಯನ್ನು ಅವತ್ತಿಗೆ ಹೇರಬೇಡ. ಮೈಕ್ ಇಲ್ಲದ ಕಾಲದಲ್ಲಿ ಕೊನೆಯ ಸಾಲಿಗೆ ಮುಟ್ಟಿಸಲು ಗಂಡಸರೂ ಎತ್ತರದ ಶ್ರುತಿಯಲ್ಲಿ ಹಾಡುತ್ತಿದ್ದರು. 1933ರಲ್ಲಿ ತೀರಿಕೊಂಡ ತಮಿಳು ರಂಗಭೂಮಿಯ ಗಾಯಕ-ನಟ ಎಸ್.ಜಿ. ಕಿಟ್ಟಪ್ಪನವರ ಪ್ಲೇಟನ್ನು ‘ಸರಿಪಡಿಸಿ’ ಕೆಳಗಿಳಿಸಿದರೆ ಅವರ ಕಂಠವನ್ನೇ ಅಳಿಸಿದಂತೆ. ನಿನ್ನ ಪಟ್ಟಿಯಲ್ಲಿ ಗಂಗೂಬಾಯಿ ಹಾನಗಲ್ಲರ ಹಳೆಯ ಪ್ಲೇಟೂ ಇದೆಯಲ್ಲ, ಅಲ್ಲಿ ಇನ್ನೂ ಹುಷಾರು. ನಾವೆಲ್ಲ ಬಲ್ಲ ಆ ಗಂಭೀರ ಕಂಠ ಗಂಟಲಿನ ಚಿಕಿತ್ಸೆಯ ನಂತರದ್ದು. ಅದಕ್ಕೂ ಹಿಂದಿನ ಮುದ್ರಣಗಳಲ್ಲಿರುವುದು ತೆಳುವಾದ, ಎತ್ತರದ ಹೆಣ್ಣುದನಿ. ವೇಗ ಹೆಚ್ಚಾಗಿದೆ ಎಂದುಕೊಂಡು ಇಳಿಸಿದೆಯೋ, ಇಲ್ಲದ ಗಾಯಕಿಯೊಬ್ಬರನ್ನು ಸೃಷ್ಟಿಸುತ್ತೀಯ.

ಮಾತು ಕೂಡ ಒಳ್ಳೆಯ ಅಳತೆಗೋಲು. ಗಾಯಕಿ ಗೌಹರ್ ಜಾನ್ 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಾಫೋನ್ ಕಂಪನಿಯ ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗ್ ಮುಂದೆ ಹಾಡಿದ ಕಾಲದ ಪ್ಲೇಟುಗಳ ಕೊನೆಗೆ ಕಲಾವಿದರು ತಮ್ಮ ಹೆಸರನ್ನು ತಾವೇ ಕೂಗಿ ಹೇಳುತ್ತಾರೆ. ಮೂಲ ಅಚ್ಚು ಜರ್ಮನಿಯ ಹ್ಯಾನೋವರ್‌ಗೆ ಹೋಗುತ್ತಿತ್ತು. ಲೇಬಲ್ ಅಂಟಿಸುವವರಿಗೆ ಯಾರ ಹಾಡೆಂದು ತಿಳಿಯಲಿ ಎಂಬುದು ಉದ್ದೇಶ. ಆಡುಮಾತಿನ ಓಟ ಅಸಹಜವಾದರೆ ಹಾಡಿನ ಶ್ರುತಿಗಿಂತ ಬೇಗ ಕಿವಿಗೆ ಗೊತ್ತಾಗುತ್ತದೆ. ಹಾಗಾಗಿ ಹಾಡು ಮುಗಿಯಿತೆಂದು ಆ ಕೂಗನ್ನು ಕತ್ತರಿಸಬೇಡ. ಗೌಹರ್ ಕೊನೆಗೆ ಮೈಸೂರು ಆಸ್ಥಾನಕ್ಕೆ ಬಂದವರು, 1930ರ ಜನವರಿಯಲ್ಲಿ ತೀರಿಕೊಂಡದ್ದೂ ಮೈಸೂರಿನಲ್ಲೇ.

ಇಷ್ಟೆಲ್ಲ ಪ್ಲೇಟಿನ ಮಾತಾಯಿತು, ಆದರೆ ನೀನು ಕೈಹಾಕಬೇಕಾದ್ದು ಮೊದಲು ಕ್ಯಾಸೆಟ್ಟಿಗೆ. ಅರಗು ಬೀಳಿಸದಿದ್ದರೆ ನೂರು ವರ್ಷ ಇರುತ್ತದೆ, ಟೇಪಿಗೆ ಆ ಆಯುಷ್ಯವಿಲ್ಲ. ಜೊತೆಗೆ ಎಚ್‌ಎಂವಿ ಪ್ಲೇಟಿನ ಇನ್ನೊಂದು ಪ್ರತಿ ಎಲ್ಲಾದರೂ ಸಿಕ್ಕೀತು. ಯಾವುದೋ ಶನಿವಾರ ರಾತ್ರಿಯ ಆಕಾಶವಾಣಿ ರಾಷ್ಟ್ರೀಯ ಕಾರ್ಯಕ್ರಮದ ಧ್ವನಿ ಆ ಒಂದು ಕ್ಯಾಸೆಟ್ಟಿನಲ್ಲೇ ಉಳಿದಿರಬಹುದು. ನುಡಿಸುವ ಮೊದಲು ಒಳಗಿನ ಒತ್ತುಗಟ್ಟಿ ಉದುರಿದೆಯೇ ನೋಡು. ಲೋಹದ ಪಟ್ಟಿಯ ಮೇಲೆ ಅಂಟಿಸಿರುವ ಸಣ್ಣ ಫೆಲ್ಟ್ ತುಂಡು ಅದು. ಅದಿಲ್ಲದೆ ಟೇಪು ಹೆಡ್ಡಿಗೆ ಒತ್ತುವುದಿಲ್ಲ, ದನಿ ಬಂದು ಬಂದು ಹೋಗುತ್ತದೆ. ಮೂಲೆಗಳಲ್ಲಿ ಸ್ಕ್ರೂ ಇದ್ದರೆ ಬಿಚ್ಚಿ, ಟೇಪನ್ನು ಇನ್ನೊಂದು ಚಿಪ್ಪಿಗೆ ಹಾಕು. ಸಿ-120 (120 ನಿಮಿಷದ ಕ್ಯಾಸೆಟ್ಟು) ಆದರೆ ಟೇಪಿನ ದಪ್ಪ ಸುಮಾರು 9 ಮೈಕ್ರಾನ್ ಮಾತ್ರ. ಫಾಸ್ಟ್ ಫಾರ್ವರ್ಡ್ ಬೇಡ, ಸುತ್ತಿಕೊಂಡರೆ ಮುಗಿಯಿತು. ಹೆಡ್ಡನ್ನು ಪ್ರತಿ ಕ್ಯಾಸೆಟ್ಟಿಗೂ ಶುದ್ಧ ಐಸೋಪ್ರೊಪೈಲಿನಿಂದ ಒರೆಸು. ಅದರ ಪಕ್ಕದ, ಹೆಡ್ಡಿನ ಕೋನ ಬದಲಿಸುವ ಅಜಿಮತ್ ಸ್ಕ್ರೂವನ್ನು ಕಾಲು ಸುತ್ತಿನೊಳಗೆ ಆಚೀಚೆ ಮಾಡುತ್ತ, ಎರಡೂ ಚಾನೆಲ್ ಕೂಡಿಸಿ ಕೇಳು. ಮೃದಂಗದ ಚಾಪು, ತಬಲದ ನಾ ಎಲ್ಲಿ ಹೆಚ್ಚು ಚುರುಕಾಗಿ ಕೇಳುತ್ತವೋ ಅಲ್ಲಿ ನಿಲ್ಲಿಸು. ಮನೆಯಲ್ಲಿ ಹಿಡಿದ ಟೇಪುಗಳಲ್ಲಿ ಎ ಮುಖಕ್ಕೊಂದು, ಬಿ ಮುಖಕ್ಕೊಂದು ಕೋನ ಬರುವುದು ಮಾಮೂಲು.

ಕ್ಯಾಸೆಟ್ಟಿನ ವೇಗ ಹಿಡಿಯಲು ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆಯನ್ನು ನೋಡು ಎಂದು ಪುಸ್ತಕಗಳು ಹೇಳುತ್ತವೆ. ನಮ್ಮಲ್ಲಿ ಅದು ಕೈಕೊಡುತ್ತದೆ. 80, 90ರ ದಶಕಗಳಲ್ಲಿ ಲೋಡ್ ಹೆಚ್ಚಾದಾಗ ಗ್ರಿಡ್ 49ಕ್ಕೂ ಕೆಳಗಿಳಿಯುತ್ತಿತ್ತು. ಅಲ್ಲಿಗೆ ಶೇ 2ರ ತಪ್ಪು ಅಳತೆಗೋಲಿನಲ್ಲೇ ಇದೆ. ಅದಕ್ಕಿಂತ ನಂಬಬಹುದಾದ ಗುರುತೊಂದಿದೆ. 1978ರ ಕೊನೆಯಿಂದ ಮೀಡಿಯಂ ವೇವ್ ಕೇಂದ್ರಗಳ ನಡುವೆ 9 ಕಿಲೋಹರ್ಟ್ಸ್ ಅಂತರ. ರಾತ್ರಿ ಹೊತ್ತು ಪಕ್ಕದ ಕೇಂದ್ರ ಬಂದು ತಾಗಿದಾಗ ಸಿಳ್ಳೆಯಂಥ ಒಂದೇ ಸಣ್ಣ ನಾದ ಬೀಳುತ್ತದಲ್ಲ, ಅದು ಕರಾರುವಾಕ್ಕಾಗಿ 9000 ಹರ್ಟ್ಸ್. ಸ್ಪೆಕ್ಟ್ರಮ್ಮಿನಲ್ಲಿ ಆ ಗೆರೆ 9180ರಲ್ಲಿ ಕಂಡರೆ ಟೇಪು ಶೇ 2 ಜೋರಾಗಿ ಓಡುತ್ತಿದೆ ಎಂದರ್ಥ. ಎಲ್ಲ ಟೇಪಿನಲ್ಲೂ ಅದು ಉಳಿದಿರುವುದಿಲ್ಲ, ಉಳಿದಿದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಬೇಡ. ವೇಗ ಸರಿಮಾಡಿದ ಮೇಲೆ, ಒಂದೇ ನಾದವನ್ನು ಕಳೆಯುವ ನಾಚ್ ಫಿಲ್ಟರಿನಿಂದ ಆ ಸಿಳ್ಳೆಯನ್ನು ತೆಗೆ. ಮೊದಲೇ ತೆಗೆದರೆ ಸಾಕ್ಷಿ ನಾಶ.

ಹಿಡಿಯುವಾಗ 24 ಬಿಟ್. ಕ್ಯಾಸೆಟ್ಟಿಗೆ 48 ಕಿಲೋಹರ್ಟ್ಸ್ ಸಾಕು, 90 ನಿಮಿಷಕ್ಕೆ ಒಂದೂವರೆ ಜಿಬಿ ಆಗುತ್ತದೆ. ಪ್ಲೇಟುಗಳಿಗೆ 96 ಇರಲಿ. ಹಾಡಿನ ಶಿಖರ ಮೈನಸ್ 6 ಡೆಸಿಬೆಲ್ ದಾಟದಂತೆ ಮಟ್ಟ ಇಡು. ಒಂದೇ ಚಾನೆಲ್ಲಿನ ಮೊನೊ ಪ್ಲೇಟನ್ನೂ ಎರಡು ಚಾನೆಲ್ಲಿನ ಸ್ಟೀರಿಯೋ ಆಗಿಯೇ ಹಿಡಿ, ಏಕೆಂದರೆ ಒಂದು ಗೋಡೆ ಸವೆದಿದ್ದು ಇನ್ನೊಂದು ಚೆನ್ನಾಗಿರಬಹುದು. ಆಮೇಲೆ ಒಳ್ಳೆಯದನ್ನು ಆರಿಸು, ಇಲ್ಲವೇ ಎರಡನ್ನೂ ಕೂಡಿಸು. ಕೂಡಿಸಿದಾಗ ಮುಳ್ಳಿನ ಮೇಲುಕೆಳಗಿನ ಸದ್ದು ತಾನಾಗಿ ಕಳೆಯುತ್ತದೆ. ಮುಟ್ಟದ ಮೂಲ ಪ್ರತಿಯನ್ನು ಫ್ಲ್ಯಾಕ್ (ಗುಣ ಕಳೆಯದೆ ಕುಗ್ಗಿಸುವ ಫೈಲು) ಮಾಡಿ ಎರಡು ಡಿಸ್ಕಿನಲ್ಲಿಡು.

ಗರಗರದ ಪ್ರಶ್ನೆಗೆ ಈಗ ಬಂದೆ. ಚಟಪಟ ಸದ್ದು ತೆಗೆಯುವ ಡಿ-ಕ್ಲಿಕ್ ತಂತ್ರಾಂಶಕ್ಕೆ ಖಂಜಿರದ ಪೆಟ್ಟೂ ಒಂದೇ, ಪ್ಲೇಟಿನ ಗೀರೂ ಒಂದೇ. ತೆಗೆದದ್ದನ್ನು ಮಾತ್ರ ಪ್ರತ್ಯೇಕವಾಗಿ ಕೇಳಿ ನೋಡು. ಅದರಲ್ಲಿ ತಾಳ ಕೇಳಿಸಿತೋ, ಮಿತಿ ಮೀರಿದೆ. ಇನ್ನು ನಾಯ್ಸ್ ರಿಡಕ್ಷನ್‌ಗೆ ಮಾದರಿ ತೆಗೆದುಕೊಳ್ಳುವಾಗ ‘ಹಾಡು ಶುರುವಾಗುವ ಮುಂಚಿನ ಸದ್ದು’ ಎಂದು ಎರಡು ಸೆಕೆಂಡು ಆರಿಸುತ್ತಾರೆ. ಅಲ್ಲಿ ಆಗಲೇ ತಂಬೂರಿ ಮೀಟುತ್ತಿರುತ್ತದೆ! ತಂತ್ರಾಂಶ ತಂಬೂರಿಯನ್ನೇ ಕಸವೆಂದು ಕಲಿತು ಇಡೀ ಕಛೇರಿಯಿಂದ ಗುಡಿಸಿಹಾಕುತ್ತದೆ. ಮುಳ್ಳು ಇಳಿದು ಸಂಗೀತ ಇನ್ನೂ ಬಾರದ ಖಾಲಿ ಗಾಡಿಯಿಂದ ಮಾತ್ರ ಮಾದರಿ ತೆಗೆ, 6 ಡೆಸಿಬೆಲ್‌ಗಿಂತ ಹೆಚ್ಚು ಇಳಿಸಬೇಡ. ತಂಬೂರಿಯ ತಂತಿಯ ಕೆಳಗಿಡುವ ನೂಲು, ಆ ಜೀವಾಳಿಯ ಹೊಳಪು ಇರುವುದೂ ಟೇಪಿನ ಹಿಸ್ಸು ಇರುವುದೂ ಒಂದೇ ಎತ್ತರದಲ್ಲಿ, ಒಂದನ್ನು ಪೂರ್ತಿ ತೆಗೆದು ಇನ್ನೊಂದನ್ನು ಉಳಿಸಲು ಬರುವುದಿಲ್ಲ.

ಫೈಲಿನ ಹೆಸರಿನಲ್ಲಿ ಕಲಾವಿದರು, ರಾಗ, ತಾಳ, ಪ್ಲೇಟಿನ ಸಂಖ್ಯೆ ಇರಲಿ. ಲೇಬಲ್ಲಿನ ಸಂಖ್ಯೆ ಬೇರೆ, ಲೇಬಲ್ ಪಕ್ಕದ ನುಣುಪು ಜಾಗದಲ್ಲಿ ಕೊರೆದಿರುವ ಮ್ಯಾಟ್ರಿಕ್ಸ್ ಸಂಖ್ಯೆ ಬೇರೆ, ಎರಡನ್ನೂ ಬರೆದುಕೋ. ಮುದ್ರಣದ ಕಾಲ ಹುಡುಕಲು ಎರಡನೆಯದೇ ಕೀಲಿಕೈ. ಎಲ್‌ಪಿಗಳಲ್ಲಿ ಇಸಿಎಲ್‌ಪಿ ಎಂದಿದ್ದರೆ ಮೊನೊ, ಇಎಎಸ್‌ಡಿ ಎಂದಿದ್ದರೆ ಸ್ಟೀರಿಯೋ. ಲೇಬಲ್ಲಿನ ರಾಗದ ಹೆಸರನ್ನು ಹಾಗೇ ನಂಬಬೇಡ, ತಪ್ಪುಗಳು ಧಾರಾಳ. 1990ರಲ್ಲಿ ಮುಂಬಯಿಯಲ್ಲಿ ಶುರುವಾದ ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್ ಪ್ರಕಟಿಸಿದ ಪಟ್ಟಿಗಳು ಹೋಲಿಸಿ ನೋಡಲು ಒದಗುತ್ತವೆ. ನೆಟ್ಟಿಗೆ ಹಾಕುವ ಆಸೆಯಿದ್ದರೆ, ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಎಂಬುದನ್ನು ನೆನಪಿಡು. ರೇಡಿಯೋ ಕ್ಯಾಸೆಟ್ಟುಗಳ ಲೆಕ್ಕ ಬೇರೆ, ಅವು ಮನೆಯಲ್ಲೇ ಇರಲಿ.

ಕೇಳುವಾಗ ಮೊನೊವನ್ನು ಒಂದೇ ಸ್ಪೀಕರಿನಲ್ಲಿ ಕೇಳಿ ನೋಡು. ಎರಡರಲ್ಲಿ ಹಾಕಿದಾಗ ಗರಗರ ಎರಡೂ ಕಡೆ ಹರಡಿಕೊಳ್ಳುತ್ತದೆ, ಒಂದರಲ್ಲಿ ಹಾಡಿನ ಹಿಂದಕ್ಕೆ ಸರಿದು ನಿಲ್ಲುತ್ತದೆ. ಹೆಡ್‌ಫೋನಿನಲ್ಲಂತೂ 78 ಬೇಡವೇ ಬೇಡ.

ನಿನ್ನ ಫೋಟೋದಲ್ಲಿ ಮೇಲಿನಿಂದ ಮೂರನೆಯ ಪ್ಲೇಟಿನ ಅಂಚಿನಲ್ಲಿ ಕೂದಲೆಳೆಯ ಬಿರುಕೊಂದು ಕಂಡಿತು. ಅದನ್ನು ಇನ್ನೂ ತೊಳೆಯಬೇಡ. ಮ್ಯಾಟ್ರಿಕ್ಸ್ ಸಂಖ್ಯೆ ಮಾತ್ರ ಓದಿ ಬರೆ. ಬಲ್ಬನ್ನು ಓರೆಯಾಗಿ ಹಿಡಿದರೆ ಅಂಕಿಗಳು ಕಾಣುತ್ತವೆ.

ನಿನ್ನ,
ಗೆಳೆಯ